ಓದಿದ ಪುಸ್ತಕದ ಬಗ್ಗೆ ಗ್ರೂಪಿನಲ್ಲಿ ಬರೆಯುವುದು ಹೇಗೆ?

ಸಿಂಧನೂರು, ಕುಷ್ಟಗಿ, ಸಿರುಗುಪ್ಪ, ದೇವದುರ್ಗ, ಯಾವ ಊರಿಗೆ ಹೋದರೂ ಪುಸ್ತಕದಂಗಡಿ ಅಂದರೆ ಜಾಸ್ತಿ ಕಾಣುವುದು ನೋಟ್‌ಬುಕ್ಕು, ಗೈಡು, ಕೆಪಿಎಸ್‌ಸಿ ಪರೀಕ್ಷೆಯ ಪುಸ್ತಕಗಳು. ಕಥೆ, ಕಾದಂಬರಿ, ಕವಿತೆ ಬೇಕು ಅಂದರೆ ಆನ್‌ಲೈನ್‌ನಲ್ಲಿ ಇಲ್ಲವೇ ಪ್ರಕಾಶಕರಿಗೆ ಫೋನ್ ಮಾಡಿ ತರಿಸಿಕೊಳ್ಳಬೇಕು. ಪುಸ್ತಕವನ್ನು ಕೈಯಲ್ಲಿ ಹಿಡಿದು, ನಾಲ್ಕು ಪುಟ ತಿರುವಿ, ಇದು ನನಗೆ ಹಿಡಿಸುತ್ತೋ ಇಲ್ಲವೋ ಅಂತ ನೋಡುವ ಅವಕಾಶ ನಮ್ಮ ಕಡೆ ಕಡಿಮೆ. 2011ರಲ್ಲಿ ಗಂಗಾವತಿಯಲ್ಲಿ, 2016ರಲ್ಲಿ ರಾಯಚೂರಿನಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಮಳಿಗೆಯಿಂದ ಚೀಲ ತುಂಬಿಕೊಂಡು ಬಂದವರು ಇವತ್ತಿಗೂ ಆ ಪುಸ್ತಕಗಳ ಮಾತು ಆಡುತ್ತಾರೆ. ಆದರೆ ಸಮ್ಮೇಳನ ನಮ್ಮೂರಿಗೆ ವರ್ಷಾ ವರ್ಷ ಬರುವುದಿಲ್ಲ.

ಆ ನಾಲ್ಕು ಪುಟ ತಿರುವಿ ನೋಡುವ ಕೆಲಸವನ್ನು ಈಗ ನಮ್ಮ ಓದುಗರ ವಾಟ್ಸಾಪ್ ಮತ್ತು ಟೆಲಿಗ್ರಾಂ ಗ್ರೂಪುಗಳೇ ಮಾಡಬೇಕು. ನೀವು ಬರೆದ ಹತ್ತು ಸಾಲನ್ನು ನಂಬಿ ಲಿಂಗಸೂಗೂರಿನಲ್ಲಿ ಯಾರೋ ಒಬ್ಬರು ಮುನ್ನೂರು ರೂಪಾಯಿ ಕಳಿಸಿ ಪುಸ್ತಕ ತರಿಸುತ್ತಾರೆ. ಅದಕ್ಕೇ ಮುಖಪುಟದ ಫೋಟೋ ಹಾಕಿ, ಕೆಳಗೆ "ಓದಿ ಮುಗಿಸಿದೆ, ಅದ್ಭುತ, ಎಲ್ಲರೂ ಓದಲೇಬೇಕು" ಅಂತ ಬರೆದು ಬಿಟ್ಟರೆ ಸಾಲದು. ಅದರಿಂದ ನಿಮಗೆ ಖುಷಿಯಾಗಿದೆ ಅನ್ನುವುದು ಮಾತ್ರ ಗೊತ್ತಾಗುತ್ತದೆ. ಪುಸ್ತಕ ಎಂಥದ್ದು ಅಂತ ಗೊತ್ತಾಗುವುದಿಲ್ಲ. ಈ ಬರಹ ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯ ಓದುಗರಿಗೆ. ಇಲ್ಲಿಯವರೆಗೆ ಬರೆಯದೆ ಬರೀ ಓದುತ್ತಾ ಬಂದವರಿಗೆ ಇನ್ನೂ ವಿಶೇಷವಾಗಿ.

ಮೊದಲ ಕೆಲಸ: ಓದುವಾಗಲೇ ಗುರುತು ಹಾಕಿಕೊಳ್ಳಿ

ಬರೆಯುವ ಕೆಲಸ ಪುಸ್ತಕ ಮುಗಿದ ಮೇಲೆ ಶುರುವಾಗುತ್ತದೆ ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಮುಗಿದ ಮೇಲೆ ಕೂತರೆ ಕೊನೆಯ ಮೂವತ್ತು ಪುಟ ಬಿಟ್ಟು ಬೇರೆ ಏನೂ ನೆನಪಿಗೆ ಬರುವುದಿಲ್ಲ. ಆಗ "ಮನ ಮುಟ್ಟುವ ಕೃತಿ" ಅನ್ನುವಂಥ ಮಾತು ತಾನೇ ತಾನಾಗಿ ಬೆರಳಿಗೆ ಬಂದುಬಿಡುತ್ತದೆ. ಓದುತ್ತಾ ಎಲ್ಲಿ ನಿಂತಿರೋ, ಎಲ್ಲಿ ಬೇಜಾರಾಯಿತೋ, ಎಲ್ಲಿ ಹಿಂದಿನ ಪುಟಕ್ಕೆ ಹೋಗಿ ಮತ್ತೆ ಓದಬೇಕಾಯಿತೋ, ಆ ಪುಟದ ನಂಬರ್ ಬರೆದಿಟ್ಟುಕೊಳ್ಳಿ. ಪಕ್ಕದಲ್ಲಿ ನಾಲ್ಕು ಪದ ಸಾಕು. "ಪುಟ 62, ಅವ್ವ ಜಗಳ ಮಾಡೋದು, ಪೂರಾ ನಮ್ಮ ಓಣಿ ಮಾತು" ಅಂತ ಇದ್ದರೆ ತಿಂಗಳು ಬಿಟ್ಟು ನೋಡಿದರೂ ಎಲ್ಲಾ ನೆನಪಾಗುತ್ತದೆ.

ಸ್ವಂತ ಪುಸ್ತಕವಾದರೆ ಪೆನ್ಸಿಲ್ ಸಾಕು. ಗ್ರಂಥಾಲಯದ್ದಾದರೆ, ಗೆಳೆಯರದ್ದಾದರೆ ದಯವಿಟ್ಟು ಗೀಚಬೇಡಿ. ಒಂದು ಚೀಟಿ ಇಟ್ಟುಕೊಳ್ಳಿ, ಇಲ್ಲವೇ ಫೋನಿನ ನೋಟ್ಸ್‌ನಲ್ಲಿ ಬರೆಯಿರಿ. ಪುಸ್ತಕ ಮುಗಿದ ಕೂಡಲೇ ಪೋಸ್ಟ್ ಮಾಡುವ ಅವಸರವೂ ಬೇಡ. ಒಂದು ರಾತ್ರಿ ಕಳೆಯಲಿ. ಬೆಳಿಗ್ಗೆ ಎದ್ದಾಗ ಪುಸ್ತಕದಲ್ಲಿ ಯಾವುದು ತಲೆಯಲ್ಲಿ ಉಳಿದಿದೆಯೋ ಅದರಿಂದಲೇ ಬರಹ ಶುರು ಮಾಡಿ.

ಪುಸ್ತಕದ ವಿವರ ಪೂರ್ತಿ ಕೊಡಿ

ಇದು ಬೇಸರದ ಕೆಲಸ ಅನ್ನಿಸಬಹುದು. ಆದರೆ ಪುಸ್ತಕ ಹುಡುಕುವವರಿಗೆ ಇದಕ್ಕಿಂತ ಉಪಯೋಗದ ಸಾಲು ಇನ್ನೊಂದಿಲ್ಲ. ಮುಖಪುಟ ದಾಟಿದ ಮೇಲೆ ಮುದ್ರಣದ ವಿವರ ಇರುವ ಒಂದು ಪುಟ ಇರುತ್ತದೆ ಅಲ್ವಾ, ಅದನ್ನು ತೆರೆದಿಟ್ಟುಕೊಂಡೇ ಬರೆಯಿರಿ. ಪುಸ್ತಕದ ಹೆಸರು, ಬರೆದವರು, ಪ್ರಕಾಶಕರು, ವರ್ಷ, ಪುಟ, ಬೆಲೆ. ವರ್ಷ ಬರೆಯುವಾಗ ಒಂದು ಎಚ್ಚರ ಬೇಕು. ಅಲ್ಲಿ ಮೊದಲ ಮುದ್ರಣದ ವರ್ಷ ಬೇರೆ, ನಿಮ್ಮ ಕೈಯಲ್ಲಿರುವ ಮುದ್ರಣದ ವರ್ಷ ಬೇರೆ ಇರಬಹುದು. ಎರಡನ್ನೂ ಹಾಕಿ. ಐವತ್ತು ವರ್ಷದ ಹಿಂದಿನ ಕಾದಂಬರಿಯನ್ನು ಹೊಸದು ಅಂದುಕೊಂಡು ಓದಿದವರಿಗೆ ಅದರ ಮಾತು, ರೀತಿ ಎಲ್ಲಾ ವಿಚಿತ್ರ ಅನ್ನಿಸುತ್ತದೆ.

ಐಎಸ್‌ಬಿಎನ್ ಸಂಖ್ಯೆ, ಅಂದರೆ ಪುಸ್ತಕದ ಗುರುತಿನ ನಂಬರ್, ಇದ್ದರೆ ಅದನ್ನೂ ಸೇರಿಸಿ. 2007ರಿಂದ ಅದು 13 ಅಂಕಿಯದು, ಅದಕ್ಕಿಂತ ಹಿಂದಿನ ಪುಸ್ತಕಗಳಲ್ಲಿ 10 ಅಂಕಿ ಇರುತ್ತದೆ. ಹಳೆಯ ಕನ್ನಡ ಪುಸ್ತಕ ಎಷ್ಟೋ ಕಡೆ ಈ ನಂಬರ್ ಇಲ್ಲದೆಯೇ ಬಂದಿವೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಒಂದೇ ಹೆಸರಿನ ಎರಡು ಮೂರು ಪುಸ್ತಕ ಇರುವಾಗ ಮಾತ್ರ ಇದು ತುಂಬಾ ಸಹಾಯಕ್ಕೆ ಬರುತ್ತದೆ.

ಅನುವಾದದ ಪುಸ್ತಕವಾದರೆ ಅನುವಾದ ಮಾಡಿದವರ ಹೆಸರನ್ನು ಬಿಡಲೇಬೇಡಿ. ಬಳ್ಳಾರಿಯಲ್ಲಿ ತೆಲುಗು ಓದುವವರು ಎಷ್ಟೋ ಮನೆಗಳಲ್ಲಿ ಇದ್ದಾರೆ, ರಾಯಚೂರಿನಲ್ಲಿ ಉರ್ದು ಓದುವ ಹಿರಿಯರಿದ್ದಾರೆ. ತೆಲುಗಿನಿಂದ ಬಂದ ಕಥೆಯ ಬಗ್ಗೆ ನೀವು ಬರೆದರೆ ಮೂಲ ಓದಿದ ಒಬ್ಬರು ಗ್ರೂಪಿನಲ್ಲಿ ಸಿಕ್ಕೇ ಸಿಗುತ್ತಾರೆ. "ಮೂಲದಲ್ಲಿ ಈ ಮಾತು ಹೇಗಿದೆ ಅಣ್ಣಾ?" ಅಂತ ಅವರನ್ನು ಕೇಳಿ. ಆ ಒಂದು ಪ್ರಶ್ನೆಯಿಂದ ಶುರುವಾಗುವ ಮಾತುಕತೆ ಬೇರೆ ಊರಿನ ಗ್ರೂಪುಗಳಲ್ಲಿ ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಅಕ್ಷರದ ಗಾತ್ರದ ಬಗ್ಗೆಯೂ ಒಂದು ಮಾತು ಬರೆಯಿರಿ. ನಮ್ಮ ಗ್ರೂಪುಗಳಲ್ಲಿ ನಿವೃತ್ತ ಮೇಷ್ಟ್ರು, ಅಜ್ಜ, ಅಜ್ಜಿ ಸುಮಾರು ಜನ ಇದ್ದಾರೆ. ಸಣ್ಣ ಅಕ್ಷರದ ಪುಸ್ತಕ ತರಿಸಿಕೊಂಡು ಹತ್ತು ಪುಟಕ್ಕೇ ಕಣ್ಣು ಸೋತು ಬಿಟ್ಟವರನ್ನು ನೋಡಿದ್ದೇನೆ. ದಪ್ಪ ಅಕ್ಷರವೋ ಸಣ್ಣದೋ ಅಂತ ಮೊದಲೇ ಗೊತ್ತಿದ್ದರೆ ಅವರಿಗೆ ಎಷ್ಟೋ ಅನುಕೂಲ.

ಮೊದಲ ಮೂರು ಸಾಲು

ವಾಟ್ಸಾಪ್‌ನಲ್ಲಿ ಉದ್ದ ಮೆಸೇಜ್ ಹಾಕಿದರೆ ಸ್ವಲ್ಪ ತೋರಿಸಿ ಉಳಿದಿದ್ದನ್ನು ಮಡಚಿಡುತ್ತದೆ, ಒತ್ತಿದರೆ ಮಾತ್ರ ತೆರೆಯುತ್ತದೆ. ಅಷ್ಟರೊಳಗೆ ಓದುವವರಿಗೆ ಏನಾದರೂ ಸಿಗಬೇಕು. ಲೇಖಕರ ಹುಟ್ಟೂರು, ಪ್ರಶಸ್ತಿಗಳ ಪಟ್ಟಿ, "ಕನ್ನಡ ಸಾರಸ್ವತ ಲೋಕದಲ್ಲಿ" ಅನ್ನುವ ಪೀಠಿಕೆ, ಇದ್ಯಾವುದೂ ಮೊದಲಿಗೆ ಬೇಡ. ನೇರವಾಗಿ ಪುಸ್ತಕದೊಳಗೆ ಹೋಗಿ.

ಒಂದು ಮಾದರಿ ನೋಡೋಣ. ನಮ್ಮ ಕಡೆಯ ಬದುಕಿನ ಬಗ್ಗೆ ಒಂದು ಕಥಾಸಂಕಲನ ಓದಿದ್ದೀರಿ ಅಂದುಕೊಳ್ಳಿ. ಸಾಮಾನ್ಯವಾಗಿ ಬರುವ ಬರಹ ಹೀಗಿರುತ್ತದೆ:

"ಈ ಸಂಕಲನದ ಕಥೆಗಳು ಗ್ರಾಮೀಣ ಬದುಕಿನ ತಲ್ಲಣಗಳನ್ನು ಮನೋಜ್ಞವಾಗಿ ಕಟ್ಟಿಕೊಡುತ್ತವೆ. ಭಾಷೆ ಸರಳ, ಸುಂದರ. ಎಲ್ಲರೂ ಓದಲೇಬೇಕಾದ ಸಂಗ್ರಹಯೋಗ್ಯ ಕೃತಿ."

ಈ ಮೂರು ವಾಕ್ಯವನ್ನು ಯಾವ ಕಥಾಸಂಕಲನದ ಕೆಳಗೆ ಅಂಟಿಸಿದರೂ ಕೂತುಕೊಳ್ಳುತ್ತವೆ. ಪುಸ್ತಕ ಓದದೇ ಇದ್ದವರೂ ಬರೆಯಬಹುದು. ಈಗ ಇದನ್ನು ಓದಿ:

"ಹನ್ನೊಂದು ಕಥೆ ಇವೆ. ಗುಳೆ ಹೋದವರ ಮನೆಯ ಕೀಲಿ ಪಕ್ಕದ ಮನೆಯಾಕೆಯ ಹತ್ತಿರ ಇರುವ ಕಥೆ ನನಗೆ ಎಲ್ಲಕ್ಕಿಂತ ಹಿಡಿಸಿತು. ಆಕೆ ವಾರಕ್ಕೊಮ್ಮೆ ಆ ಬಾಗಿಲು ತೆಗೆದು ಕಸ ಹೊಡೆಯುತ್ತಾಳೆ, ಅಲ್ಲಿ ಬಿಟ್ಟು ಹೋದ ಸಾಮಾನು ನೋಡುತ್ತಾಳೆ, ಇಡೀ ಕಥೆ ಆಕೆಯ ಕಣ್ಣಿನಿಂದಲೇ ನಡೆಯುತ್ತದೆ. ಹೋದವರು ಏನಾದರು ಅನ್ನುವುದನ್ನು ನೀವೇ ಓದಿ. ಮಾತುಗಳೆಲ್ಲಾ ಯಲಬುರ್ಗಾ ಕಡೆಯ ಮಾತು, ಒಂದೂ ಹುಸಿ ಅನ್ನಿಸಲಿಲ್ಲ. ಆದರೆ ಕೊನೆಯ ಮೂರು ಕಥೆ ನೀತಿ ಹೇಳುವ ಕಡೆ ವಾಲಿವೆ, ಅಲ್ಲಿ ನನಗೆ ಓದು ಸಾಗಲಿಲ್ಲ. 140 ಪುಟ, ಅಕ್ಷರ ಸ್ವಲ್ಪ ಸಣ್ಣದು."

ಇದರಲ್ಲಿ ದೊಡ್ಡ ಪದ ಒಂದೂ ಇಲ್ಲ. ಬರೆದವರು ಪುಸ್ತಕ ಓದಿದ್ದಾರೆ ಅಂತ ಗೊತ್ತಾಗುತ್ತದೆ. ಓದುವವರಿಗೆ ಒಂದು ಚಿತ್ರ ಸಿಗುತ್ತದೆ, ಒಂದು ಕುತೂಹಲ ಉಳಿಯುತ್ತದೆ, ಒಂದು ಎಚ್ಚರಿಕೆಯೂ ಸಿಗುತ್ತದೆ. ನೀವು ಕಾಲೇಜಿನಲ್ಲಿ ಕನ್ನಡ ಓದಿರಬೇಕಿಲ್ಲ, ವಿಮರ್ಶೆಯ ಪಾರಿಭಾಷಿಕ ಪದ ಗೊತ್ತಿರಬೇಕಿಲ್ಲ. ಹೊಲದ ಕೆಲಸ ಮುಗಿಸಿ ಬಂದು ರಾತ್ರಿ ಓದುವ ಒಬ್ಬ ರೈತ, ಬಳ್ಳಾರಿಯ ಜೀನ್ಸ್ ಹೊಲಿಯುವ ಘಟಕದಲ್ಲಿ ಕೆಲಸ ಮಾಡುವ ಒಬ್ಬ ಅಕ್ಕ ಹೀಗೆ ಬರೆದರೆ ನಾನು ಅದನ್ನು ಪತ್ರಿಕೆಯ ವಿಮರ್ಶೆಗಿಂತ ಮೊದಲು ಓದುತ್ತೇನೆ.

ಕಥೆ ಎಷ್ಟು ಹೇಳಬೇಕು?

ಬೆನ್ನುಡಿಯಲ್ಲಿ ಇರುವಷ್ಟು, ಜೊತೆಗೆ ಪುಸ್ತಕದ ಮೊದಲ ಕಾಲು ಭಾಗದಲ್ಲಿ ನಡೆಯುವಷ್ಟು. ಅದಕ್ಕಿಂತ ಮುಂದೆ ಹೋಗಬೇಡಿ. ಪತ್ತೇದಾರಿಯಾದರೆ ಇನ್ನೂ ಕಡಿಮೆ. ಮುಖ್ಯ ತಿರುವಿನ ಬಗ್ಗೆ ಮಾತಾಡಲೇಬೇಕು ಅನ್ನಿಸಿದರೆ ಟೆಲಿಗ್ರಾಂನಲ್ಲಿ ಆ ಸಾಲುಗಳನ್ನು ಆಯ್ಕೆ ಮಾಡಿ ಸ್ಪಾಯ್ಲರ್ ಅಂತ ಒತ್ತಿದರೆ ಅವು ಮಸುಕಾಗುತ್ತವೆ, ಬೇಕಾದವರು ಮುಟ್ಟಿ ಓದಬಹುದು. ವಾಟ್ಸಾಪ್‌ನಲ್ಲಾದರೆ "ಮುಂದೆ ಕಥೆಯ ಗುಟ್ಟು ಇದೆ" ಅಂತ ಬರೆದು, ಅದನ್ನು ಬೇರೆ ಮೆಸೇಜಿನಲ್ಲಿ ಹಾಕಿ.

ಇತಿಹಾಸ, ಜೀವನ ಚರಿತ್ರೆ, ಕೃಷಿ, ವಿಜ್ಞಾನದ ಪುಸ್ತಕಗಳಿಗೆ ಈ ಹೆದರಿಕೆ ಇಲ್ಲ. ಅಲ್ಲಿ ಲೇಖಕರ ಮುಖ್ಯ ವಾದ ಏನು, ಅದಕ್ಕೆ ಯಾವ ಆಧಾರ ಕೊಟ್ಟಿದ್ದಾರೆ ಅಂತ ಬಿಡಿಸಿ ಹೇಳಿ. ಕವಿತೆಯಾದರೆ ಎರಡು ಅಥವಾ ನಾಲ್ಕು ಸಾಲು ತೆಗೆದು ಕೊಡಿ, ಗಜಲ್ ಆದರೆ ಒಂದು ದ್ವಿಪದಿ. ರಾಯಚೂರಿನ ಕಡೆ ಗಜಲ್ ಓದುವವರು, ಬರೆಯುವವರು ಇಬ್ಬರೂ ಜಾಸ್ತಿ. ಅವರ ಮುಂದೆ "ಗಜಲ್‌ಗಳು ಚೆನ್ನಾಗಿವೆ" ಅಂದರೆ ಸಾಲದು. ರದೀಫು (ಸಾಲಿನ ಕೊನೆಗೆ ಮತ್ತೆ ಮತ್ತೆ ಬರುವ ಪದ), ಕಾಫಿಯಾ (ಅದರ ಹಿಂದಿನ ಪ್ರಾಸ) ಸರಿಯಾಗಿ ಕೂತಿವೆಯೋ ಇಲ್ಲವೋ ಅಂತಲೇ ಅವರು ಕೇಳುತ್ತಾರೆ.

ಇಡೀ ಕವಿತೆ, ಇಡೀ ಕಥೆ ಟೈಪ್ ಮಾಡಿ ಹಾಕುವುದು ತಪ್ಪು. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ವಿಮರ್ಶೆಗೆ ಬೇಕಾದಷ್ಟು ಭಾಗವನ್ನು ನ್ಯಾಯವಾಗಿ ಬಳಸಿಕೊಳ್ಳಲು ಬಿಡುತ್ತದೆ, ಪೂರ್ತಿ ಪುಸ್ತಕ ಹಂಚಲು ಬಿಡುವುದಿಲ್ಲ. "ಯಾರ ಹತ್ತಿರಾದ್ರೂ ಪಿಡಿಎಫ್ ಇದೆಯಾ?" ಅನ್ನುವ ಪ್ರಶ್ನೆ ಪ್ರತಿ ಗ್ರೂಪಿನಲ್ಲೂ ಬರುತ್ತದೆ. ಕೇಳುವವರ ಕಷ್ಟ ನನಗೆ ಅರ್ಥವಾಗುತ್ತದೆ, ಪುಸ್ತಕ ಸಿಗುವುದಿಲ್ಲ, ಕೈಯಲ್ಲಿ ದುಡ್ಡೂ ಇರುವುದಿಲ್ಲ. ಆದರೂ ಹೊಸ ಪುಸ್ತಕದ ಪಿಡಿಎಫ್ ಹಂಚಬೇಡಿ. ಕನ್ನಡದಲ್ಲಿ ಪುಸ್ತಕ ಮಾಡುವವರು ಕಡಿಮೆ ಪ್ರತಿಗಳ ಮೇಲೆ ಬದುಕುವವರು. ನಮ್ಮ ಕಡೆಯ ಎಷ್ಟೋ ಲೇಖಕರು ಸ್ವಂತ ದುಡ್ಡು ಹಾಕಿ ಅಚ್ಚು ಹಾಕಿಸುತ್ತಾರೆ. ಪಿಡಿಎಫ್ ಬೇಕೇ ಬೇಕು ಅನ್ನುವವರಿಗೆ ಕಣಜ ಜಾಲತಾಣ ಇದೆ, ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಇದೆ, ಅವುಗಳ ಲಿಂಕ್ ಕೊಡಿ. ಲೇಖಕರು ತೀರಿಕೊಂಡು 60 ವರ್ಷ ಕಳೆದ ಮೇಲೆ ಅವರು ಬದುಕಿದ್ದಾಗ ಬಂದ ಕೃತಿಗಳನ್ನು ಹಂಚಬಹುದು. ಅನುವಾದವಾದರೆ ಅನುವಾದಕರ ಹಕ್ಕು ಬೇರೆಯೇ ಇರುತ್ತದೆ, ಅದನ್ನೂ ನೋಡಿಕೊಳ್ಳಬೇಕು.

ನಮಗೆ ಮಾತ್ರ ಗೊತ್ತಿರುವುದನ್ನು ಬರೆಯಿರಿ

ಈ ಭಾಗವನ್ನು ನಿಧಾನಕ್ಕೆ ಓದಿ ಅಂತ ಕೇಳಿಕೊಳ್ಳುತ್ತೇನೆ. ಕಾದಂಬರಿಯೊಂದು ತುಂಗಭದ್ರಾ ಎಡದಂಡೆ ಕಾಲುವೆಯ ಊರಿನಲ್ಲಿ ನಡೆಯುತ್ತದೆ ಅಂದುಕೊಳ್ಳಿ. ಬೆಂಗಳೂರಿನ ವಿಮರ್ಶಕರು ಅದರ ವಸ್ತು, ತಂತ್ರ, ಶೈಲಿ ನೋಡುತ್ತಾರೆ. ನೋಡಲಿ, ಅದೂ ಬೇಕು. ಆದರೆ ಕಾಲುವೆಯ ಮೇಲ್ಭಾಗದವರು ಭತ್ತ ನಾಟಿ ಮಾಡಿ ಕೂತಾಗ ಮಾನ್ವಿ, ಸಿರವಾರದ ಕೊನೆ ಭಾಗದ ರೈತ ನೀರಿಗೆ ಹೇಗೆ ಕಾಯುತ್ತಾನೆ, ನೀರು ಬಿಡುವುದನ್ನು ತೀರ್ಮಾನಿಸುವ ನೀರಾವರಿ ಸಲಹಾ ಸಮಿತಿಯ (ಐಸಿಸಿ) ಸಭೆ ಮುಗಿಯುವ ತನಕ ಚಹಾದಂಗಡಿಯಲ್ಲಿ ಏನು ಮಾತು ನಡೆಯುತ್ತದೆ, ಅದನ್ನು ಲೇಖಕರು ಸರಿಯಾಗಿ ಹಿಡಿದಿದ್ದಾರೋ ಇಲ್ಲವೋ ಅಂತ ಹೇಳಬಲ್ಲವರು ಸಿರವಾರದ ಓದುಗರು. 2024ರ ಆಗಸ್ಟ್‌ನಲ್ಲಿ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದ ಆ ದಿನಗಳ ಬಗ್ಗೆ ಮುಂದೆ ಯಾರಾದರೂ ಕಥೆ ಬರೆದರೆ, ನೀರು ಹೊರಗೆ ಹರಿದು ಹೋಗುವುದನ್ನು ನೋಡುತ್ತಾ ನಿಂತವರು ನಾವು. ಅದು ನಿಜವಾಗಿ ಬಂದಿದೆಯೋ ಇಲ್ಲವೋ ಅಂತ ನಮಗಿಂತ ಚೆನ್ನಾಗಿ ಯಾರು ಹೇಳಬೇಕು?

ಮಾತಿನ ವಿಷಯವೂ ಅಷ್ಟೇ. "ಆಕಿ ಬಂದಾಳ", "ಅವರು ಹೋಗ್ಯಾರ" ಅಂತ ನಾಲ್ಕು ಕಡೆ ಸೇರಿಸಿಬಿಟ್ಟರೆ ಉತ್ತರ ಕರ್ನಾಟಕದ ಕಥೆ ಆಯಿತು ಅಂದುಕೊಂಡು ಬರೆದ ಪುಸ್ತಕಗಳಿವೆ. ಧಾರವಾಡದ ಮಾತು ಬೇರೆ, ಕೊಪ್ಪಳದ್ದು ಬೇರೆ, ತೆಲುಗು ಬೆರೆತ ಬಳ್ಳಾರಿ ಪೇಟೆಯ ಮಾತು ಬೇರೆ. ಪುಸ್ತಕದ ಪಾತ್ರ ಯಾವ ಊರಿನದು, ಆಡುವ ಮಾತು ಯಾವ ಊರಿನದು ಅಂತ ನಿಮ್ಮ ಕಿವಿಗೆ ಗೊತ್ತಾಗುತ್ತದೆ. ಅದನ್ನು ಬರೆಯಿರಿ. ಎಲ್ಲಿ ಸರಿಯಾಗಿದೆಯೋ ಅಲ್ಲಿ ಒಂದು ಸಾಲು ತೆಗೆದು ತೋರಿಸಿ, ಎಲ್ಲಿ ತಪ್ಪಿದೆಯೋ ಅಲ್ಲಿ ನಮ್ಮೂರಿನಲ್ಲಿ ಹೇಗೆ ಅನ್ನುತ್ತಾರೆ ಅಂತ ಹೇಳಿ. "ಮಹಾಕೊಪಣನಗರ"ವನ್ನು, ಅಂದರೆ ನಮ್ಮ ಕೊಪ್ಪಳವನ್ನು, ಕನ್ನಡದ ತಿರುಳಿನ ನಾಡಿನ ಗಡಿಯಲ್ಲಿ ಕವಿರಾಜಮಾರ್ಗ ಹೆಸರಿಸಿ ಸಾವಿರ ವರ್ಷದ ಮೇಲಾಯಿತು. ಅಂಥ ನೆಲದ ಓದುಗರು ತಮ್ಮ ಕಿವಿಯ ಮೇಲೆ ನಂಬಿಕೆ ಇಟ್ಟು ಬರೆಯಬೇಕು.

ಹಿಡಿಸದ ಪುಸ್ತಕ, ಪರಿಚಯದ ಲೇಖಕರು

ದೊಡ್ಡ ಊರಿನಲ್ಲಿ ಈ ಕಷ್ಟ ಅಷ್ಟಾಗಿ ಇಲ್ಲ. ನಮ್ಮ ಜಿಲ್ಲೆಗಳಲ್ಲಿ ಲೇಖಕರು ಅಂದರೆ ನಮಗೆ ಪಾಠ ಹೇಳಿದ ಮೇಷ್ಟ್ರು, ಅಣ್ಣನ ಗೆಳೆಯ, ಪಕ್ಕದ ಓಣಿಯ ಮೇಡಂ. ಅದೇ ಗ್ರೂಪಿನಲ್ಲಿ ಅವರೂ ಇರುತ್ತಾರೆ. ಪುಸ್ತಕ ಬಿಡುಗಡೆಗೆ ಕರೆದಿರುತ್ತಾರೆ, ಗೌರವ ಪ್ರತಿ ಕೊಟ್ಟಿರುತ್ತಾರೆ. ಹೀಗಿರುವಾಗ ಪುಸ್ತಕ ಹಿಡಿಸಲಿಲ್ಲ ಅಂತ ಹೇಗೆ ಬರೆಯುವುದು?

ಮೊದಲು, ಪುಸ್ತಕ ನಿಮ್ಮ ಕೈಗೆ ಹೇಗೆ ಬಂತು ಅಂತ ಬರೆದುಬಿಡಿ. "ಲೇಖಕರು ಪ್ರೀತಿಯಿಂದ ಕೊಟ್ಟ ಪ್ರತಿ", "ಇವರು ನನಗೆ ಪಾಠ ಮಾಡಿದ ಗುರುಗಳು". ಅಷ್ಟು ಹೇಳಿದರೆ ಓದುವವರು ತಮ್ಮ ಲೆಕ್ಕ ತಾವು ಹಾಕಿಕೊಳ್ಳುತ್ತಾರೆ, ನಿಮ್ಮ ಹೊಗಳಿಕೆಗೂ ಒಂದು ತೂಕ ಬರುತ್ತದೆ. ಆಮೇಲೆ ತಕರಾರನ್ನು ಪುಟದ ಜೊತೆಗೆ ಹೇಳಿ. "ಸರ್, ಎರಡನೇ ಅಧ್ಯಾಯದಲ್ಲಿ ತಂದೆಯ ಸಾವು ಎರಡು ಸಾಲಿನಲ್ಲಿ ಮುಗಿದುಹೋಗಿದೆ, ನನಗೆ ಅಲ್ಲಿ ಇನ್ನೂ ಸ್ವಲ್ಪ ಬೇಕಿತ್ತು" ಅನ್ನುವುದು ಒಬ್ಬ ಓದುಗನ ಮಾತು. ಅದಕ್ಕೆ ಯಾರೂ ಸಿಟ್ಟಾಗುವುದಿಲ್ಲ, ಒಂದು ವೇಳೆ ಸಿಟ್ಟಾದರೂ ಅದು ಬೇಗ ಇಳಿಯುತ್ತದೆ. "ಇವರಿಗೆ ಬರೆಯಲಿಕ್ಕೇ ಬರುವುದಿಲ್ಲ" ಅನ್ನುವುದು ವ್ಯಕ್ತಿಯ ಮೇಲಿನ ಮಾತು, ಅದು ಗ್ರೂಪನ್ನೇ ಒಡೆಯುತ್ತದೆ. ಲೇಖಕರ ಜಾತಿ, ಪಕ್ಷ, ಕೆಲಸ, ಮನೆ, ಯಾವುದೂ ಬೇಡ.

ಪೂರ್ತಿ ಓದದೆ ಬಿಟ್ಟ ಪುಸ್ತಕದ ಬಗ್ಗೆಯೂ ಬರೆಯಬಹುದು. "80 ಪುಟಕ್ಕೆ ನಿಲ್ಲಿಸಿದೆ, ಕಾರಣ ಇದು" ಅಂತ ಹೇಳಿ. ಅರ್ಧ ಓದಿ ಪೂರ್ತಿ ಓದಿದಂತೆ ಬರೆಯುವುದಕ್ಕಿಂತ ಇದು ನೂರು ಪಾಲು ಒಳ್ಳೆಯದು. ಐದಕ್ಕೆ ಎಷ್ಟು ಸ್ಟಾರ್ ಅಂತ ಕೊಡುವ ಪದ್ಧತಿ ನನಗೆ ಸರಿ ಕಾಣುವುದಿಲ್ಲ. ಒಬ್ಬರ ಮೂರು ಇನ್ನೊಬ್ಬರ ಐದು. ಅದರ ಬದಲು ಈ ಪುಸ್ತಕ ಯಾರಿಗೆ ಹಿಡಿಸಬಹುದು, ಯಾರಿಗೆ ಬೇಡ ಅಂತ ಒಂದು ಸಾಲು ಬರೆಯಿರಿ: "ನಿಧಾನ ನಡೆಯುವ ಕಥೆ ಇಷ್ಟಪಡುವವರಿಗೆ", "ಹೈಸ್ಕೂಲ್ ಮಕ್ಕಳಿಗೂ ಕೊಡಬಹುದು".

ಗ್ರೂಪಿನಲ್ಲಿರುವ ಲೇಖಕರಿಗೂ ಒಂದು ವಿನಂತಿ ಇದೆ. ನಿಮ್ಮ ಪುಸ್ತಕದ ಬಗ್ಗೆ ಯಾರಾದರೂ ಬರೆದರೆ ಮೊದಲ ಒಂದು ದಿನ ಸುಮ್ಮನಿರಿ, ಬೇರೆ ಓದುಗರು ಮಾತಾಡಲಿ. ನೀವು ಕೂಡಲೇ ಉತ್ತರ ಕೊಟ್ಟರೆ, ಅದು ಧನ್ಯವಾದವೇ ಆಗಿದ್ದರೂ, ಉಳಿದವರು ಸಂಕೋಚಕ್ಕೆ ಬಾಯಿ ಮುಚ್ಚಿಕೊಳ್ಳುತ್ತಾರೆ.

ಟೈಪ್ ಮಾಡುವುದು, ಹಾಕುವುದು

ಬೇರೆ ಕಡೆಯಿಂದ ಕಾಪಿ ಮಾಡುವಾಗ ನೋಡಿಕೊಳ್ಳಿ. ಡಿಟಿಪಿ ಅಂಗಡಿಯಲ್ಲಿ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಸಿದ್ದನ್ನು ಫೋನಿಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಫೋನಿನಲ್ಲಿ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ಬದಲಿಸಿ ಹಾಕಬೇಕು. ಟೈಪ್ ಮಾಡುವುದು ಕಷ್ಟ ಅನ್ನುವವರು ಕೀಬೋರ್ಡಿನ ಮೈಕ್ ಒತ್ತಿ ಮಾತಾಡಿ, ಕನ್ನಡದಲ್ಲೇ ಅಕ್ಷರ ಮೂಡುತ್ತದೆ. ಚುಕ್ಕೆ, ಅಲ್ಪವಿರಾಮ ಆಮೇಲೆ ನೀವೇ ಹಾಕಬೇಕು. ನಮ್ಮ ಕಡೆಯ ಮಾತನ್ನು ಅದು ತಪ್ಪು ತಪ್ಪಾಗಿ ಕೇಳಿಸಿಕೊಳ್ಳುತ್ತದೆ. ಹಾಗಾಗಿ ಕಳಿಸುವ ಮೊದಲು ಒಮ್ಮೆ ಓದಿ ಸರಿ ಮಾಡಿ, ಊರಿನ ಹೆಸರು, ಮನುಷ್ಯರ ಹೆಸರು ಇದ್ದ ಕಡೆ ಎರಡು ಸಲ.

ಬರಹ ಪೂರ್ತಿ ಒಂದೇ ಮೆಸೇಜಿನಲ್ಲಿ ಇರಲಿ, ತುಂಡು ತುಂಡಾಗಿ ಹಾಕಿದರೆ ನಡುವೆ ಶುಭೋದಯದ ಹೂವು ಬಂದು ಕೂರುತ್ತದೆ. ಎರಡು ಮೂರು ಪ್ಯಾರಾ ಮಾಡಿ. ಪುಸ್ತಕದ ಹೆಸರಿನ ಎರಡೂ ಬದಿಗೆ ನಕ್ಷತ್ರ ಚಿಹ್ನೆ ಹಾಕಿದರೆ ವಾಟ್ಸಾಪ್‌ನಲ್ಲಿ ದಪ್ಪ ಅಕ್ಷರ ಆಗುತ್ತದೆ. ಕಳಿಸಿದ ಮೇಲೆ ತಪ್ಪು ಕಂಡರೆ 15 ನಿಮಿಷದೊಳಗೆ ತಿದ್ದಬಹುದು. ಫೋಟೋ ಹಾಕುವುದಾದರೆ ಮುಖಪುಟ, ಬೆನ್ನುಡಿ ಸಾಕು, ಒಳಪುಟಗಳು ಬೇಡ.

ಬರೆಯಲು ಆಗದವರು ಧ್ವನಿ ಮೆಸೇಜ್ ಕಳಿಸಲಿ. ಹಿರಿಯರು ಹೀಗೆ ಮಾತಾಡಿದ್ದು ಕೇಳಲು ಎಷ್ಟು ಚೆಂದ! ಆದರೆ ಮೂರು ನಿಮಿಷಕ್ಕಿಂತ ಜಾಸ್ತಿ ಬೇಡ. ಯಾವ ಪುಸ್ತಕ ಅಂತ ಕೆಳಗೆ ಒಂದು ಸಾಲು ಟೈಪ್ ಇರಲಿ, ಇಲ್ಲದಿದ್ದರೆ ಮುಂದೆ ಹುಡುಕಿದಾಗ ಅದು ಸಿಗುವುದೇ ಇಲ್ಲ.

ಹುಡುಕುವ ವಿಷಯ ಬಂತಲ್ಲ, ಗ್ರೂಪಿನವರೆಲ್ಲಾ ಸೇರಿ ಒಂದೇ ಗುರುತು ಇಟ್ಟುಕೊಳ್ಳಿ. #ಪುಸ್ತಕಪರಿಚಯ ಅಂತ ನಡುವೆ ಜಾಗ ಬಿಡದೆ ಎಲ್ಲರೂ ಬರೆದರೆ ವರ್ಷದ ನಂತರವೂ ಒಂದೇ ಹುಡುಕಾಟಕ್ಕೆ ಎಲ್ಲಾ ಸಿಗುತ್ತವೆ. ಒಬ್ಬರು "ಕಥಾಸಂಕಲನ" ಅಂತ, ಇನ್ನೊಬ್ಬರು "ಕಥಾ ಸಂಕಲನ" ಅಂತ ಬರೆದರೆ ಫೋನ್ ಅವೆರಡನ್ನೂ ಬೇರೆ ಬೇರೆ ಅಂದುಕೊಳ್ಳುತ್ತದೆ. ಬೇರೆಯವರ ಬರಹ ಇಷ್ಟವಾಗಿ ಫಾರ್ವರ್ಡ್ ಮಾಡುವಾಗ ಬರೆದವರ ಹೆಸರನ್ನು ಅಳಿಸಬೇಡಿ, ಬೇರೆ ಗ್ರೂಪಿಗೆ ಕಳಿಸುವ ಮುಂಚೆ ಒಂದು ಮಾತು ಕೇಳಿ.

ಹಾಕಿದ ಮೇಲೆ

ಯಾರೂ ಉತ್ತರ ಕೊಡಲಿಲ್ಲ ಅಂತ ಬೇಜಾರಾಗಬೇಡಿ. ಓದಿ ಸುಮ್ಮನಾಗುವವರೇ ಜಾಸ್ತಿ. ಯಾರಾದರೂ ಪ್ರಶ್ನೆ ಕೇಳಿದರೆ ಮಾತ್ರ ಬಿಡದೆ ಉತ್ತರಿಸಿ. ಕೇಳುವ ಪ್ರಶ್ನೆ ಬಹಳ ಸಲ "ಎಲ್ಲಿ ಸಿಗುತ್ತೆ, ಎಷ್ಟಕ್ಕೆ ಸಿಗುತ್ತೆ" ಅಂತಲೇ ಇರುತ್ತದೆ. ಕನ್ನಡ ಪುಸ್ತಕ ಪ್ರಾಧಿಕಾರ ಮತ್ತು ಬೇರೆ ಪ್ರಕಾಶಕರು ನವೆಂಬರ್ ತಿಂಗಳಲ್ಲಿ ರಿಯಾಯಿತಿ ಕೊಡುವುದುಂಟು, ಅವಸರ ಇಲ್ಲದವರಿಗೆ ಅದನ್ನು ನೆನಪಿಸಿ. ನಿಮ್ಮ ಊರಿನ ಗ್ರಂಥಾಲಯದಲ್ಲಿ ಆ ಪುಸ್ತಕ ಇದೆಯಾ ಅಂತ ನೋಡಿ ಹೇಳಿದರೆ ಇನ್ನೂ ಒಳ್ಳೆಯದು.

ನಿಮ್ಮ ಪ್ರತಿಯನ್ನು ಓದಲು ಕೊಡುವ ಮನಸ್ಸಿದ್ದರೆ ಬರಹದ ಕೊನೆಗೆ ಅದನ್ನೂ ಹಾಕಿ: "ಪ್ರತಿ ನನ್ನ ಹತ್ತಿರ ಇದೆ, ಹೊಸಪೇಟೆ, ಗಂಗಾವತಿ, ಕೊಪ್ಪಳದವರಿಗೆ ಕೊಡುತ್ತೇನೆ." ಮನೆಯ ವಿಳಾಸವನ್ನು ಗ್ರೂಪಿನಲ್ಲಿ ಬರೆಯಬೇಡಿ, ಬೇಕಾದವರಿಗೆ ಬೇರೆಯಾಗಿ ಕಳಿಸಿ. ಪುಸ್ತಕ ಯಾರಿಗೆ ಕೊಟ್ಟಿರಿ, ಯಾವತ್ತು ಕೊಟ್ಟಿರಿ ಅಂತ ಮೊದಲ ಪುಟದೊಳಗೆ ಒಂದು ಚೀಟಿ ಇಡಿ. ತೆಗೆದುಕೊಂಡವರು ಓದಿ ಮುಗಿಸಿದ ಮೇಲೆ ಹೊಸದಾಗಿ ಬರೆಯುವ ಬದಲು ನಿಮ್ಮ ಹಳೆಯ ಮೆಸೇಜಿಗೇ ರಿಪ್ಲೈ ಒತ್ತಿ ಅಲ್ಲೇ ಬರೆಯಲಿ. ನೀವು ಹೇಳಿದ್ದಕ್ಕೆ ಅವರು ಒಪ್ಪದೇ ಇರಬಹುದು, ಕೊನೆಯ ಮೂರು ಕಥೆಗಳೇ ಅವರಿಗೆ ಹಿಡಿಸಿರಬಹುದು. ಮೂರನೆಯವರು ಪುಸ್ತಕ ಕೇಳುವ ಹೊತ್ತಿಗೆ ಇಬ್ಬರ ಮಾತೂ ಒಂದರ ಕೆಳಗೊಂದು ಇರುತ್ತವೆ, ಅವರು ಎರಡನ್ನೂ ಓದಿ ತಮಗೆ ಬೇಕೋ ಬೇಡವೋ ತೀರ್ಮಾನ ಮಾಡಿಕೊಳ್ಳುತ್ತಾರೆ.